ಹಸಿವಿನ ಖಾನೆ

ಒಂಬತ್ತು ರಾತ್ರಿ ಕೂತು ಹುಟ್ಟಿಸಿದ್ದೆ ಅದನ್ನ,
ಉಣ್ಣೆ ಗೋದಾಮಿನ ಹಳೇ ರಸೀದಿಗಳ ಬೆನ್ನ ಮೇಲೆ,
ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ಬೂಟು ಕೂಡ ಬಿಚ್ಚದೆ.

ಗುರಿ: ಈ ಶನಿವಾರ ನಾಲ್ವರನ್ನೂ ಸೋಲಿಸಬೇಕು.
ಪುಸ್ತಕದ ಮೃಗಗಳೆಲ್ಲ ಅವರಿಗೆ ಬಾಯಿಪಾಠ;
ಯಾವುದಕ್ಕೆ ಬೆಂಕಿ, ಯಾವುದಕ್ಕೆ ಬೆಳ್ಳಿ,
ಯಾವುದರ ಕತ್ತಿನಲ್ಲಿ ಯಾವ ಮೂಳೆ ಮೆತ್ತಗೆ,
ನಿಬಾಲ್ದೋ ನಿದ್ದೆಯಲ್ಲೂ ಒಪ್ಪಿಸುತ್ತಾನೆ.

ಅದಕ್ಕೇ ಸ್ವಂತದ್ದು.
ಕುರಿಯ ಮೈ, ಕಡಲಸಿಂಹದ ಕೊರಳು,
ಕೊಂಬು ಏಳು, ಏಳೂ ಏಳು ಕಡೆಗೆ.
ಪ್ರಾಣ ನೂರಾ ಹನ್ನೆರಡು. ಚರ್ಮ ಹದಿನೆಂಟು.
ಉಸಿರೆಳೆದರೆ ದೀಪ ಆರುತ್ತದೆ, ಬಿಟ್ಟರೆ ಬಾಗಿಲು ಕೀಳುತ್ತದೆ.
ಒಂದೇ ಕೈ ಎರಡು ಸಲ ಹೊಡೆದರೆ ಎರಡನೇ ಏಟು ಹೊಡೆದವರಿಗೇ.
ಈ ಕೊನೇ ಸಾಲು ಬರೆದು ನಾನೇ ನಕ್ಕೆ,
ಪಕ್ಕದ ಮನೆಯ ನಾಯಿ ಬೊಗಳುವಷ್ಟು ಜೋರಾಗಿ.

ಶನಿವಾರ. ಪುಂತಾ ಅರೆನಾಸಿನಲ್ಲಿ ಗಾಳಿಗೆ ರಜೆಯಿಲ್ಲ.
ಬೀದಿಯ ತಿರುವುಗಳಲ್ಲಿ ಹಗ್ಗ ಕಟ್ಟಿದ್ದರು, ಹಿಡಿದು ನಡೆಯಲಿಕ್ಕೆ.
ದೋನ್ಯಾ ಎರ್ಮಿಂದಾ ಹಗ್ಗ ಹಿಡಿದೇ ಬಂದರು,
ಕಂಕುಳಲ್ಲಿ ಬಿಸಿ ಬ್ರೆಡ್ಡು;
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವರು,
ನಮ್ಮ ಆಟದಲ್ಲಿ ಬಿಲ್ಲುಗಾರ್ತಿ, ವಯಸ್ಸು ಹತ್ತೊಂಬತ್ತು.
ಹಡಗುಕಟ್ಟೆಯ ವೆಲ್ಡರ್ ನಿಬಾಲ್ದೋ ನಮ್ಮ ಮಂತ್ರವಾದಿ.
ಉಲೀಸೆಸ್, ಹದಿನಾರು, ಮಾತು ಕಮ್ಮಿ, ಗುರಾಣಿ ದೊಡ್ಡದು.
ರೊಸಾಮೆಲ್‌ನ ಲಾರಿ ಜಲಸಂಧಿಯ ಆಚೆ ದಡದಲ್ಲಿ, ಫೆರ್ರಿ ನಿಂತಿದೆ,
ಫೋನಿನಲ್ಲೇ ಆಡುತ್ತಾನೆ; ಅವನ ದಾಳ ನಾವೇ ಉರುಳಿಸಬೇಕು,
ಕಮ್ಮಿ ಬಿದ್ದರೆ ಬೈಗುಳ ನಮಗೇ.

ದೀಪ ಆರಿಸಿದೆ. ಉಸಿರು ಬಿಡಿಸಿದೆ. ಬಾಗಿಲು ಕಿತ್ತೆ.
(ನಿಜದ ಬಾಗಿಲೂ ಅದೇ ಹೊತ್ತಿಗೆ ದಡಾರ್ ಅಂತು;
ಅದು ನನ್ನ ಲೆಕ್ಕದಲ್ಲಿರಲಿಲ್ಲ.)

ನಿಬಾಲ್ದೋ ಹೊಡೆದ. ಹದಿನಾಲ್ಕು ಕಳೆಯಿತು.
ಮತ್ತೆ ಹೊಡೆದ. ತನ್ನ ಬೆಂಕಿಯಲ್ಲಿ ತಾನೇ ಬೆಂದು ಕುರ್ಚಿಗೊರಗಿದ.
ನನಗೆ ಹಿಗ್ಗು.

ಆಮೇಲೆ ಅವರು ಮಾತಾಡಿಕೊಂಡರು,
ನನ್ನ ಜೊತೆಗಲ್ಲ, ತಮ್ಮತಮ್ಮಲ್ಲೇ, ತಲೆಗೆ ತಲೆ ತಾಗುವಷ್ಟು ಬಾಗಿ.
"ನಿನ್ನ ಸರದಿ ನನಗೆ ಕೊಡು", "ನನ್ನದು ಹುಡುಗನಿಗಿರಲಿ",
"ನಾನು ಬರೀ ಹಿಡಕೊಂಡಿರ್ತೀನಿ, ಹೊಡೆಯಲ್ಲ".
ಫೋನಿನಿಂದ ರೊಸಾಮೆಲ್: "ನನ್ನನ್ನ ಮುಂದೆ ನಿಲ್ಲಿಸಿ,
ಹೇಗೂ ನಾನು ಅಲ್ಲಿಲ್ಲ."

ಉಲೀಸೆಸ್ ಕೈ ಎತ್ತಿದ, ತರಗತಿಯಲ್ಲಿ ಎತ್ತುವ ಹಾಗೆ.
"ಅದು ಏನು ತಿನ್ನುತ್ತೆ?"

ರಸೀದಿ ತಿರುವಿದೆ. ಪ್ರಾಣ, ಚರ್ಮ, ಕೊಂಬು, ಉಸಿರು, ವೇಗ.
ಮತ್ತೆ ತಿರುವಿದೆ. ಆ ಕಡೆ ಉಣ್ಣೆ, ನಾಲ್ಕು ಮೂಟೆ, ಹಣ ಸಂದಿದೆ.
ಹಲ್ಲು ಎಣಿಸಿದ್ದೆ, ಮೂರು ಸಾಲು.
ಹಲ್ಲಿಗೆ ಸಿಗುವುದೇನೆಂದು ಬರೆದಿರಲಿಲ್ಲ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಏಳು ಕೊಂಬು.

"ಗೊತ್ತಿಲ್ಲ" ಅಂದೆ.
ಆಟ ನಡೆಸುವವಳು ಆಡಬಾರದ ಮಾತು.

ಯಾರೂ ನಗಲಿಲ್ಲ.
ಎರ್ಮಿಂದಾ ಕನ್ನಡಕ ಒರೆಸಿಕೊಂಡು
"ಹಸಿದ ಮಕ್ಕಳು ಬಾಗಿಲು ಒದೀತಾರೆ, ನೋಡಿದೀನಿ" ಅಂದರು.
ಬಾಣ ಕೆಳಗಿಟ್ಟರು. ದಾಳ ಎತ್ತಿಕೊಂಡರು.
ಎಸೆಯುವ ಮುಂಚೆ ಎಲ್ಲ ಸೇರಿ ನನ್ನ ಪೆನ್ನು ಕಸಿದು
ಹಾಳೆಯ ಕೆಳಗೆ ಹೊಸದೊಂದು ಖಾನೆ ಎಳೆದರು,
ಒಬ್ಬೊಬ್ಬರದು ಒಂದೊಂದು ಕೈಬರಹ:
ಉಪ್ಪು. ಬೇಲಿಯ ತುಕ್ಕು. ಯಾರೂ ಕೇಳಿಸಿಕೊಳ್ಳದ ಸಿಳ್ಳೆ.
ರೊಸಾಮೆಲ್ ಹೇಳಿದ್ದನ್ನ ಹುಡುಗ ಬರೆದ: ಕಾಯುವ ಹೊತ್ತು.
"ಅದು ನನ್ನ ಹತ್ರ ಬೇಕಾದಷ್ಟಿದೆ, ಯಾಸ್ನಾ. ಫೆರ್ರಿ ನಾಳೆಗಂತೆ."

ದಾಳ ಉರುಳಿತು. ಮೂರು.
ಇಪ್ಪತ್ತಕ್ಕೆ ಮೂರು.
ನಿಯಮದ ಪ್ರಕಾರ ಮೃಗ ಎರ್ಮಿಂದಾರ ಕೈ ಕಚ್ಚಬೇಕು.
ಕಚ್ಚಿಸಿದೆ. ಆದರೆ ಅದಕ್ಕೂ ಮುಂಚೆ
ಹಲ್ಲಿನ ಎರಡು ಸಾಲು ಹೊಡೆದು ಹಾಕಿದೆ, ಎಲ್ಲರೂ ನೋಡುತ್ತಿದ್ದಂತೆಯೇ.

ಈಗ ಅದು ಅವರ ಹಿಂದೆಯೇ ನಡೆಯುತ್ತದೆ, ಹದಿನೈದು ವಾರದಿಂದ.
ಹೆಸರಿನ ಜಗಳ ಇನ್ನೂ ಮುಗಿದಿಲ್ಲ.
ಪ್ರಾಣ ತೊಂಬತ್ತೆಂಟು; ಕಳೆದ ಹದಿನಾಲ್ಕನ್ನು
ನಿಬಾಲ್ದೋನೇ ವಾಪಸು ಕೊಡಬೇಕಂತೆ, ಕಂತಿನಲ್ಲಿ.

ಮೊನ್ನೆ ಉಲೀಸೆಸ್ ಆಸ್ಪತ್ರೆಗೆ ಬಂದಿದ್ದ, ತಂಗಿಯ ಜ್ವರಕ್ಕೆ.
ಔಷಧಿ ಚೀಟಿ ಮಡಚುತ್ತ, ನೆಲ ನೋಡುತ್ತ ಕೇಳಿದ:
"ಅದಕ್ಕೆ ಉಪ್ಪು ಹಾಕಿದ್ರಾ?"
ಹಾಕಿದೆ ಅಂದೆ. ಹಾಕಿರಲಿಲ್ಲ.
ಮನೆಗೆ ಬಂದು, ಬೂಟು ಬಿಚ್ಚುವ ಮುಂಚೆ, ಹಾಕಿದೆ.